ಚೆನ್ನಿಯ ಪರ ನಿಂತ ಕೌಸಲ್ಯಾಬಾಯಿ

ಬೆಳಗಿನ ಆರೂ ಕಾಲು. ಬೀದರ್ ಅಂಚಿನ ಕೊಳಾರದ ಬೇಳೆ ಗಿರಣಿಯೊಂದರ ತಗಡಿನ ಶೆಡ್ಡಿನಲ್ಲಿ ಇಪ್ಪತ್ಮೂರು ಹೆಣ್ಣುಮಕ್ಕಳು ಮೊರ ಹಿಡಿದು ಕೂತಿದ್ದಾರೆ. ಹತ್ತು ಗಂಟೆಯ ಮೇಲೆ ತಗಡು ಕಾದರೆ ಒಳಗೆ ಉಸಿರಾಡುವುದೂ ಕಷ್ಟ. ಅದಕ್ಕೇ ಈ ಬೇಸಿಗೆಯಲ್ಲಿ ಪಾಳಿ ಆರಕ್ಕೇ ಶುರು. ಬಾಗಿಲಿಗೆ ಹತ್ತಿರದ ಜಾಗ ಕೌಸಲ್ಯಾಬಾಯಿಯದು. ಐವತ್ತೆರಡು ವರ್ಷ, ತೆಳ್ಳನೆಯ ಮೈ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಬೆರಳು ತೊಗರಿಬೇಳೆಯಿಂದ ಕಲ್ಲು ಹೆಕ್ಕುತ್ತಿದೆ, ಬಾಯಿ ಕಥೆ ಹೇಳುತ್ತಿದೆ.

"ಚೆನ್ನಿ ಆವತ್ತ ಕೆಲಸಕ್ಕ ಹೋಗಲಿಲ್ಲ ನೋಡ್ರಿ. ಜ್ವರ ಬಂದಿತ್ತು. ಆದ್ರ ಮೇಸ್ತ್ರಿ ಬಾಗಿಲಿಗೇ ಬಂದು ನಿಂತ."

"ಬರ್ತಾನ, ಬರ್ತಾನ. ಮೇಸ್ತ್ರಿಗೆ ಜ್ವರ ಅಂದ್ರ ಏನು ಮಾಲೂಮ್!" ಅನ್ನುತ್ತಾಳೆ ಪಕ್ಕದ ಅಕ್ತರಬೀ. ಯಾರೂ ನಗುವುದಿಲ್ಲ. ಮುಂದೇನು ಎಂದು ಕಾಯುತ್ತಾರೆ.

ಈ ಚೆನ್ನಿ ಟೀವಿ ಧಾರಾವಾಹಿಯೊಂದರ ನಾಯಕಿ. ಆ ಧಾರಾವಾಹಿ ನಿಂತು ನಾಲ್ಕು ತಿಂಗಳಾಗಿದೆ. ಅದು ಬರುತ್ತಿದ್ದಾಗ ಈ ಶೆಡ್ಡಿನಲ್ಲಿ ಅದನ್ನು ಮೆಚ್ಚಿದವರು ಒಬ್ಬರೇ, ಕೌಸಲ್ಯಾಬಾಯಿ. ಉಳಿದವರೆಲ್ಲ ಬೈದರು. ಅವರು ಬೈದಷ್ಟು ದಿನವೂ ಈಕೆ ಅದರ ಪರವಾಗಿ ಮಾತಾಡುವುದನ್ನು ಬಿಡಲಿಲ್ಲ.

ಮೊದಲು ಬಂದದ್ದು 'ಏಳಂಕಣದ ಮನೆ'. ನಾಲ್ಕು ವರ್ಷ ನಡೆದ ಧಾರಾವಾಹಿ. ದೊಡ್ಡ ವಾಡೆ, ತುಂಬಿದ ಸಂಸಾರ, ಎಲ್ಲರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದ ದೊಡ್ಡಮ್ಮ. ಶೆಡ್ಡಿನ ಹೆಣ್ಣುಮಕ್ಕಳಿಗೆ ದೊಡ್ಡಮ್ಮನೆಂದರೆ ಪ್ರಾಣ. ಆಕೆಗೆ ಕಾಯಿಲೆಯಾದ ವಾರ ಇಲ್ಲಿ ಇಬ್ಬರು ಉಪವಾಸ ಮಾಡಿದ್ದರಂತೆ. ಕಥೆಯ ಕೊನೆಗೆ ಅದೇ ಮನೆಯ ಕೆಲಸದಾಕೆ ಚೆನ್ನಿ ಪಂಚರ ಮುಂದೆ ನಿಂತು, ಆಸ್ತಿಯ ಕಾಗದ ಬಚ್ಚಿಟ್ಟವಳು ದೊಡ್ಡಮ್ಮನೇ ಎಂದು ಹೇಳಿಬಿಟ್ಟಳು. ವಾಡೆ ಒಡೆಯಿತು. ಚೆನ್ನಿ ಗಂಟು ಕಟ್ಟಿಕೊಂಡು ಹೊರಟಳು. ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ, ಅವಳು ಹೋದದ್ದೆಲ್ಲಿಗೆ ಎಂದು ಹೇಳುವ ಹೊಸ ಧಾರಾವಾಹಿ ಬಂತು. ಹೆಸರು 'ಹೊರಟಳು ಚೆನ್ನಿ'. ವಾಡೆಯಿಲ್ಲ, ದೊಡ್ಡಮ್ಮನಿಲ್ಲ. ದೊಡ್ಡ ಶಹರದಲ್ಲಿ ಕಟ್ಟಡ ಕಟ್ಟುವ ಕಡೆ ಇಟ್ಟಂಗಿ ಹೊರುವ ಹೆಂಗಸು, ಅಷ್ಟೇ.

"ಉಂಡ ಮನಿಗೆ ಎರಡು ಬಗದಾಕಿ ಆಕಿ. ಆಕಿ ಮಾರಿ ಯಾಕ ನೋಡಬೇಕ್ರಿ ನಾವು?" ಅನ್ನುತ್ತಾಳೆ ಭೀಮಬಾಯಿ. ದೊಡ್ಡಮ್ಮನ ಕಡೆಯವರ ಮುಂದಾಳು ಈಕೆ. ಔರಾದ್ ಕಡೆಯವಳು, ಕುರಿ ಸಾಕುವ ಮನೆಯವಳು. ಮೇವು ಸಿಗದೆ ಕುರಿಗಳೆಲ್ಲ ಹೋದ ಮೇಲೆ ಗಿರಣಿಗೆ ಬಂದವಳು. ದನಿ ದೊಡ್ಡದು. "ದೊಡ್ಡಮ್ಮ ಇಲ್ಲದ ಕಥಿ ಅಂದ್ರ ಉಪ್ಪಿಲ್ಲದ ಸಾರು."

"ಆ ಸಾರಿಗೆ ನೀರು ಹೊತ್ತು ತಂದಾಕಿ ಯಾರು, ಅದು ಕೇಳು," ಎಂದು ಕೌಸಲ್ಯಾಬಾಯಿ ಮೊರದಿಂದ ತಲೆಯೆತ್ತದೆ ಹೇಳುತ್ತಾಳೆ. ಎಂಟು ತಿಂಗಳಿನಿಂದ ಇದೇ ಮಾತು, ಇದೇ ಉತ್ತರ.

ಜಗಳ ಮತದಾನಕ್ಕೆ ಹೋದದ್ದೂ ಉಂಟು. ಊಟದ ಜಾಗದಲ್ಲಿ ಗಿರಣಿಯವರು ಇಟ್ಟ ಹಳೆಯ ಟೀವಿಯೊಂದಿದೆ. ಮಧ್ಯಾಹ್ನ ಒಂದಕ್ಕೆ ಒಂದು ಚಾನೆಲ್ಲಿನಲ್ಲಿ 'ಏಳಂಕಣದ ಮನೆ' ಮರುಪ್ರಸಾರ, ಇನ್ನೊಂದರಲ್ಲಿ 'ಹೊರಟಳು ಚೆನ್ನಿ'. ರಿಮೋಟಿಗೆ ಕಿತ್ತಾಟ ಹೆಚ್ಚಿದಾಗ ಶೆಡ್ಡಿನ ಕೆಲಸ ನೋಡಿಕೊಳ್ಳುವ ಮುಕಾದಮ ನಿಜಾಮೋದ್ದೀನ ಕೈ ಎತ್ತಿಸಿದ. ದೊಡ್ಡಮ್ಮನಿಗೆ ಇಪ್ಪತ್ತೊಂದು, ಚೆನ್ನಿಗೆ ಒಂದು. ಅಕ್ತರಬೀ ಅರ್ಧ ಕೈ ಎತ್ತಿ ತಲೆ ಕೆರೆದುಕೊಂಡಳು.

ಮರುದಿನದಿಂದ ಕೌಸಲ್ಯಾಬಾಯಿ ಊಟದ ಹೊತ್ತಿಗೆ ರೊಟ್ಟಿ ಕೈಯಲ್ಲಿ ಹಿಡಿದು ಗೇಟಿನಾಚೆ ನಡೆದಳು. ರಸ್ತೆಯ ಆ ಬದಿಗೆ ಸಲಾವೋದ್ದೀನನ ಚಹಾದ ಅಂಗಡಿ. ಲಾರಿಯವರು ಕ್ರಿಕೆಟ್ ನೋಡುತ್ತಿದ್ದ ಟೀವಿಯ ಮುಂದೆ ನಿಂತು, "ಅರ್ಧ ತಾಸು ನನಗ ಕೊಡ್ರಿ ಅಣ್ಣಾ," ಎಂದಳು. ಏನನ್ನಿಸಿತೋ, ಅವನು ಕೊಟ್ಟ. ನಿಂತುಕೊಂಡೇ ರೊಟ್ಟಿ ತಿಂದು, ನಿಂತುಕೊಂಡೇ ನೋಡಿ, ಒಂದೂವರೆಗೆ ವಾಪಸು. ಆಮೇಲೆ ಕೇಳಿದವರಿಗೂ ಕೇಳದವರಿಗೂ ಅಂದಿನ ಕಂತು ಹೇಳುವುದು. ಹೀಗೆ ತೊಂಬತ್ತಾರು ಕಂತು. ಒಂದು ದಿನ ಅಂಗಡಿಯ ಕೇಬಲ್ ಕೆಟ್ಟಿತ್ತು. ಆ ಬಿಸಿಲಲ್ಲಿ ಇನ್ನೂ ಒಂದು ಫರ್ಲಾಂಗು ನಡೆದು ಪಂಕ್ಚರ್ ಅಂಗಡಿಯಲ್ಲಿ ನೋಡಿಬಂದಳು.

ಹಾಗಂತ ಕುರುಡು ಅಭಿಮಾನವಲ್ಲ. "ತಪ್ಪು ಇರಲಿಲ್ಲಂತ ನಾ ಎಂದೂ ಅಂದಿಲ್ಲರಿ. ಆಕಿ ಗಂಡನ ಪಾರ್ಟ್ ಮಾಡಿದಾವನ ಮಾರಿ ಕಟ್ಟಿಗಿ. ಹಾಡು ಫಾಲ್ತು. ಮತ್ತ ಚೆನ್ನಿ ಇಟ್ಟಂಗಿ ಹೊರ್ತಾಳ, ತಲಿ ಮ್ಯಾಲ ಸಿಂಬಿ ಇಲ್ಲ! ಬರೇ ತಲಿ ಮ್ಯಾಲ ಹೊತ್ತ್ರ ಎರಡು ದಿನಕ್ಕ ಕುತ್ತಿಗಿ ಹೋಗ್ತದ." ನಾಲ್ಕನೇ ಇಯತ್ತೆ ಓದಿದ ಆಕೆ ಅಂಚೆ ಕಾರ್ಡು ತಂದು ಇದಿಷ್ಟನ್ನೂ ಬೆಂಗಳೂರಿನ ಚಾನೆಲ್ಲಿಗೆ ಬರೆದಳು. ಉತ್ತರ ಬರಲಿಲ್ಲ. ಹನ್ನೆರಡನೇ ದಿನ ಚೆನ್ನಿಯ ತಲೆಯ ಮೇಲೆ ಬಟ್ಟೆಯ ಸಿಂಬಿ ಕಂಡಿತು. ಕಾರ್ಡು ಓದಿಯೇ ಇಟ್ಟರೆಂದು ಕೌಸಲ್ಯಾಬಾಯಿ. ಗಾಳಿಗೆ ಬಿದ್ದ ಹಣ್ಣೆಂದು ಭೀಮಬಾಯಿ. ಯಾವುದು ನಿಜವೋ, ಪತ್ರಿಕೆಗೆ ಬರೆಯಲು ಬಂದ ನನಗೂ ತಿಳಿಯದು.

ಆಕೆಯ ಊರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಈಗಿನ ಬರದ ಮೊದಲ ವರ್ಷವೇ ಕೂಲಿ ನಿಂತಾಗ ಗಂಡ ಮಚ್ಛೇಂದ್ರನ ಜೊತೆ ಕೊಳಾರಕ್ಕೆ ಬಂದಳು. ಅವನು ಗೋದಾಮೊಂದರ ಕಾವಲುಗಾರ. ಗಿರಣಿಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ನೀರಿನ ಟ್ಯಾಂಕರು ಮೂರು ದಿನಕ್ಕೊಮ್ಮೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆರು ಕೊಡ ತುಂಬಿಟ್ಟು ಕೆಲಸಕ್ಕೆ ಬಂದರೆ ದಿನಕ್ಕೆ ಐವತ್ತು ಕಿಲೋದ ಎರಡು ಚೀಲ ಬೇಳೆ ಆಕೆಯ ಬೆರಳ ಕೆಳಗೆ ಹಾದುಹೋಗುತ್ತದೆ. ಯಂತ್ರ ಬಿಟ್ಟ ಕಲ್ಲನ್ನು ಹಿಡಿಯುವುದೇ ಈ ಹೆಂಗಸರ ಕೆಲಸ. ನಮ್ಮ ಸಾರಿನಲ್ಲಿ ಹಲ್ಲಿಗೆ ಕಲ್ಲು ಸಿಗದಿದ್ದರೆ ಅದರ ಹಿಂದೆ ಇಂಥ ಕೈಗಳಿವೆ.

ಅಷ್ಟೊಂದು ಜಿದ್ದು ಯಾಕೆ ಎಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಧಾರಾವಾಹಿ ನಿಂತ ಮೇಲೆ.

ನೋಡುವವರಿಲ್ಲವೆಂದು ಚಾನೆಲ್ಲಿನವರು ಜನವರಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಕೊನೆಯ ಕಂತಿನಲ್ಲಿ ಚೆನ್ನಿ ಹೊಸ ಕಟ್ಟಡವೊಂದರ ಮುಂದೆ ಕೆಲಸ ಕೇಳಿಕೊಂಡು ನಿಂತಿದ್ದಳು. ಭೀಮಬಾಯಿ ಅಂದು ಶೆಡ್ಡಿನಲ್ಲಿ ಬೆಲ್ಲ ಹಂಚಿದಳು. ಕೌಸಲ್ಯಾಬಾಯಿಯ ಕೈಗೂ ಇಟ್ಟಳು. ಆಕೆ ತಿಂದು, ಕೈ ಒರೆಸಿಕೊಂಡು, "ನಾಳೆ ಏನಾತು ಹೇಳ್ತೇನಿ," ಎಂದಳು.

ಮರುದಿನ ನಿಜಕ್ಕೂ ಹೇಳಿದಳು. ಚೆನ್ನಿಗೆ ಕೆಲಸ ಸಿಕ್ಕಿತು. ಏಳನೇ ಅಂತಸ್ತಿಗೆ ಇಟ್ಟಂಗಿ ಹೊರುವುದು. ಹತ್ತುವ ಹಲಗೆಗಳಲ್ಲಿ ಒಂದು ಒಳಗೇ ಕೊಳೆತಿತ್ತು. ಮೇಸ್ತ್ರಿಗೆ ಹೇಳಿದರೆ, ನಿನ್ನ ಕೆಲಸ ನೋಡು ಅಂದ. ಮೂರನೇ ದಿನ ತೆಲುಗು ಸೀಮೆಯ ಹೆಂಗಸೊಬ್ಬಳು ಅದರ ಮೇಲೆ ಕಾಲಿಟ್ಟಳು. ಹಲಗೆ ಮುರಿಯಿತು.

ಮೊರಗಳು ಒಂದೊಂದಾಗಿ ನಿಂತವು. ವಿಚಾರಣೆಗೆ ಬಂದ ಸಾಹೇಬರ ಮುಂದೆ ಗುತ್ತಿಗೆದಾರ, ಆಕೆಯೇ ನೋಡದೆ ಕಾಲಿಟ್ಟಳೆಂದ. ಎಲ್ಲರೂ ಹೂಂ ಎಂದರು. ಚೆನ್ನಿ ಒಬ್ಬಳೇ, ಹಲಗೆ ಕೊಳೆತಿತ್ತು, ಮೊದಲೇ ಹೇಳಿದ್ದೆ ಎಂದಳು. ಅಂದೇ ಇಡೀ ತಂಡಕ್ಕೆ ಕೆಲಸ ಹೋಯಿತು. ಊರಿಂದ ಜೊತೆಗೆ ಬಂದವರೇ ಅವಳಿಗೆ, ಉಂಡ ಮನೆಗೆ ಎರಡು ಬಗೆದೆ ಎಂದರು.

"ನಿಲ್ಲು," ಎಂದಳು ಭೀಮಬಾಯಿ. "ಇದು ಟೀವಿಯಾಗಿಂದಲ್ಲ."

"ಅಲ್ಲ."

"ಮತ್ತ ಎಲ್ಲಿದು?"

"ಪುಣೇದ್ದು. ನಂದು."

ಎರಡು ಸಾವಿರದ ಮೂರರ ಬರದಲ್ಲಿ ಗಂಡ ಹೆಂಡತಿ ಪುಣೆಗೆ ಹೋಗಿದ್ದರು. ನಾಲ್ಕು ವರ್ಷ ಇದ್ದರು. ಆ ಘಟನೆಯ ಮೇಲೆ ಜೊತೆಯ ಜನ ಎರಡು ವರ್ಷ ಮಾತು ಬಿಟ್ಟರು. "ಊರಿಗಿ ಬಂದ ಮ್ಯಾಲ ಏನು ತಂದ್ರಿ ಅಂತ ಕೇಳಿದ್ರು. ಹ್ಯಾಂಗಿದ್ರಿ ಅಂತ ಯಾರೂ ಕೇಳಲಿಲ್ಲರಿ. ಈ ಧಾರಾವಾಹಿ ಬಂದಾಗ ನನಗ ಅನಿಸಿತು, ಯಾರೋ ಒಬ್ಬರು ಕೇಳ್ಯಾರ ಅಂತ. ಅದಕ್ಕ ಬಿಟ್ಟುಕೊಡಲಿಲ್ಲ."

ಮರುದಿನ ಬೆಳಿಗ್ಗೆ ಭೀಮಬಾಯಿ ತನ್ನ ಮೊರ ಎತ್ತಿಕೊಂಡು ಬಾಗಿಲ ಹತ್ತಿರಕ್ಕೇ ಬಂದು ಕೂತಳು.

"ಬಿದ್ದಾಕಿ ಏನಾದ್ಳು?"

"ಕಾಲು ಹೋತು. ದವಾಖಾನಿಗೆ ಒಯ್ದ್ರು. ಮುಂದ ಗೊತ್ತಿಲ್ಲ. ನಮ್ಮನ್ನ ಅಲ್ಲಿ ನಿಲ್ಲಗೊಡಲಿಲ್ಲ. ಇವತ್ತಿನ ತನಕ ಗೊತ್ತಿಲ್ಲ ನನಗ."

ಭೀಮಬಾಯಿ ಇದನ್ನು ಕೇಳಲು ಕಾರಣವಿತ್ತು. ಅವಳ ತಂಗಿ ಸಖುಬಾಯಿ, ಶಿವರಾತ್ರಿ ಮುಗಿದ ವಾರ ಇನ್ನೂ ಹದಿನಾರು ಮಂದಿಯ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಡುವವಳಿದ್ದಳು. ಅವರನ್ನು ಒಯ್ಯುವ ಗಾಡಿ ಔರಾದ್ ಬಸ್ ನಿಲ್ದಾಣದ ಹತ್ತಿರ ಬರುವುದಿತ್ತು. "ನೀ ಬರ್ತಿ ಏನು? ಆಕಿಗೆ ಒಂದು ಮಾತು ಹೇಳು," ಎಂದಳು ಭೀಮಬಾಯಿ. ಇಬ್ಬರೂ ಒಂದು ದಿನದ ಪಾಳಿ ಬಿಟ್ಟು ಬೆಳಗಿನ ಬಸ್ಸು ಹಿಡಿದರು.

ದಾರಿಯುದ್ದಕ್ಕೂ ಬೀಗ ಜಡಿದ ಮನೆಗಳು. ಔರಾದಿನಲ್ಲಿ ಗಂಟುಮೂಟೆಗಳ ನಡುವೆ ಕೂತಿದ್ದ ಹೆಂಗಸರ ಮುಂದೆ ಕೌಸಲ್ಯಾಬಾಯಿ ನಿಂತಳು. ಬುದ್ಧಿಮಾತು ಹೇಳುವವರನ್ನು ಕಂಡು ಸಾಕಾದ ಜನ. ಮೊದಲು ಯಾರೂ ತಲೆಯೆತ್ತಲಿಲ್ಲ. ಆಕೆ ಚೆನ್ನಿಯ ಕಥೆಯಿಂದ ಶುರು ಮಾಡಿದಳು. ಹಲಗೆಯ ಮಾತು ಬಂದಾಗ ಸಖುಬಾಯಿ ಎದ್ದು ನಿಂತಳು. ಕೌಸಲ್ಯಾಬಾಯಿ ಮುಂದುವರಿಸಿದಳು. "ಹಲಗಿ ಮ್ಯಾಲ ಪೂರಾ ಭಾರ ಹಾಕಬ್ಯಾಡ್ರಿ. ಮೊದಲು ಒಂದು ಕಾಲಿಲೆ ತುಳಿದು ನೋಡ್ರಿ. ಮೆತ್ತಗ ಬಂತಂದ್ರ ಹತ್ತಬ್ಯಾಡ್ರಿ, ಎಲ್ಲರೂ ಕೂಡಿ ಹತ್ತೂದಿಲ್ಲ ಅನ್ರಿ. ಒಬ್ಬಾಕಿ ಹೇಳಿದ್ರ ಒಬ್ಬಾಕಿನ್ನ ಓಡಸ್ತಾರ. ಹದಿನೇಳು ಮಂದಿ ಹೇಳ್ರಿ."

ಏಪ್ರಿಲ್ ಕೊನೆಗೆ ಪುಣೆಯಿಂದ ಫೋನು ಬಂತು. ಐದನೇ ಅಂತಸ್ತಿನಲ್ಲಿ ಎರಡು ಹಲಗೆ ಮೆತ್ತಗಿದ್ದವು, ಹದಿನೇಳೂ ಮಂದಿ ಕೆಳಗೆ ಕೂತರು, ಮಧ್ಯಾಹ್ನದ ಹೊತ್ತಿಗೆ ಹೊಸ ಹಲಗೆ ಬಂದವು ಎಂದಳು ಸಖುಬಾಯಿ. ಯಾರನ್ನೂ ಓಡಿಸಲಿಲ್ಲ. ಭೀಮಬಾಯಿ ಅದನ್ನು ಶೆಡ್ಡಿಗೆಲ್ಲ ಕೇಳುವಂತೆ ಹೇಳಿದಳು. ಕೌಸಲ್ಯಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದಳಂತೆ.

ಈಗ ಶೆಡ್ಡಿನಲ್ಲಿ ಚೆನ್ನಿ ದಿನವೂ ಕೆಲಸಕ್ಕೆ ಹೋಗುತ್ತಾಳೆ. ಕಬ್ಬು ಕಡಿಯಲು ಹೋಗಿದ್ದವರು, ಹೈದರಾಬಾದಿನಲ್ಲಿ ರಸ್ತೆ ಮಾಡಿದವರು, ತಮ್ಮ ತಮ್ಮ ಕಥೆಯನ್ನೂ ಅವಳ ತಲೆಯ ಮೇಲೆ ಹೊರಿಸುತ್ತಾರೆ. ಮೊನ್ನೆ ಅಕ್ತರಬೀ ಚೆನ್ನಿಗೆ ಹೈದರಾಬಾದಿನಲ್ಲಿ ಒಬ್ಬ ಗೆಳತಿಯನ್ನು ಕೊಟ್ಟಳು.

ಭೀಮಬಾಯಿ ಮಾತ್ರ ಪಟ್ಟು ಸಡಿಲಿಸಿಲ್ಲ. "ಇದು ಛಲೋ ಅದರಿ. ಟೀವಿಯಾಗಿಂದು ಛಲೋ ಇರಲಿಲ್ಲ. ದೊಡ್ಡಮ್ಮನ ಮುಂದ ಅದು ಏನೂ ಅಲ್ಲ," ಎಂದು ನಾನು ಬರೆದುಕೊಳ್ಳುತ್ತಿರುವ ವಹಿಯ ಕಡೆ ಬೆರಳು ಮಾಡಿ ಹೇಳುತ್ತಾಳೆ. ಕೌಸಲ್ಯಾಬಾಯಿ ವಾದಕ್ಕೆ ಸಿದ್ಧವಾಗಿ ಮೊರ ಕೆಳಗಿಡುತ್ತಾಳೆ. ನಿಜಾಮೋದ್ದೀನ ದೂರದಿಂದಲೇ ಕೈ ಮುಗಿಯುತ್ತಾನೆ.

ಹೊರಡುವ ಮುನ್ನ, ನಿಮಗೇನಾದರೂ ಆಸೆಯಿದೆಯೇ ಎಂದು ಕೌಸಲ್ಯಾಬಾಯಿಯನ್ನು ಕೇಳುತ್ತೇನೆ. ಮಳೆ ಎನ್ನಬಹುದು, ಊರು ಎನ್ನಬಹುದು ಎಂದುಕೊಂಡಿದ್ದೆ. ಆಕೆ ಬೇಳೆಯ ಧೂಳು ಕೊಡವಿಕೊಳ್ಳುತ್ತಾಳೆ.

"ಪೇಪರಿನ್ಯಾಗ ಬರಿಯೋರಿದ್ರ, ಆ ಧಾರಾವಾಹಿ ಯಾರೂ ನೋಡಲಿಲ್ಲ ಅಂತ ಬರೀಬ್ಯಾಡ್ರಿ. ಕೊಳಾರದಾಗ ಒಬ್ಬಾಕಿ ನಿಂತುಕೊಂಡು ಕಡೀತನಕ ನೋಡಿದ್ಳು ಅಂತ ಬರೀರಿ."