ಹಿಮಕ್ಕೆಂದು ತಂದ ಚೀಲ

ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಅಕ್ಕ, ನಮ್ಮ ಅತ್ತಿಗೆ, ಮೈಸೂರಿನಿಂದ ಬಂದರು. ಯಜಮಾನರು ಬಳಸಿದ ಹಾಸಿಗೆ, ಹೊದಿಕೆಗಳನ್ನು ದಾನ ಕೊಡಲು ಒಟ್ಟುಮಾಡತೊಡಗಿದರು. ಒಳಗೆ ತೂರಿ ಮಲಗುವ ಅವರ ಸ್ಲೀಪಿಂಗ್ ಬ್ಯಾಗನ್ನು ಮಾತ್ರ ನಾನು ಸ್ಟೋರ್ ರೂಮಿನ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಅದು ಹಾಸಿಗೆಯಲ್ಲ, ಪ್ರವಾಸದ ಸಾಮಾನು ಎಂದು ನನಗೆ ನಾನೇ ಹೇಳಿಕೊಂಡೆ.

ಆ ವರ್ಷ ಯಜಮಾನರಿಗೆ ಒಳ್ಳೆಯ ಬೋನಸ್ ಬಂದಿತ್ತು. ಡಿಸೆಂಬರಿನಲ್ಲಿ ಜಪಾನಿಗೆ ಹೋಗಿ ಹಿಮದ ಮೇಲೆ ಟೆಂಟ್ ಹಾಕಿ ಮಲಗಬೇಕೆಂಬ ಆಸೆ. ಹಿಮವೇ ಕಾಣದ ಈ ಪರದೇಶದಲ್ಲಿ, ಸೆಂಗ್‌ಕಾಂಗಿನ ನಮ್ಮ ಫ್ಲ್ಯಾಟಿನಲ್ಲಿ, ಏಸಿಯನ್ನು ಪೂರ್ತಿ ಇಳಿಸಿ ಬ್ಯಾಗಿನೊಳಗೆ ಮಲಗುವ ತಾಲೀಮು ನಡೆಸಿದ್ದೆವು.

"ಕಾಟನ್ ಬನಿಯನ್ ಬೇಡ ಕಣೆ. ಬೆವರು ಹಿಡ್ಕೊಂಡ್ರೆ ಅಲ್ಲಿ ಐಸ್‌ಕ್ಯಾಂಡಿ ಆಗ್ತೀಯ. ಮಲಗೋಕೇ ಅಂತ ಒಂದು ಜೊತೆ ಒಣ ಸಾಕ್ಸ್ ಬೇರೆ ಇಟ್ಕೋ. ಮುಖ ಒಳಗೆ ಹಾಕಿ ಉಸಿರು ಬಿಡಬೇಡ, ಬ್ಯಾಗ್ ಒದ್ದೆ ಆಗತ್ತೆ."

"ರೀ, ಹೊರಗೆ ಬೆಂಕಿ ಬಿಸಿಲು. ಪಕ್ಕದ ಮನೆ ಆಂಟಿ ನೋಡಿದ್ರೆ ಆಂಬುಲೆನ್ಸ್ ಕರೀತಾರೆ!"

ನವೆಂಬರಿನಲ್ಲಿ, ಆಫೀಸಿನಲ್ಲಿ ಕೂತಲ್ಲೇ ಅವರ ಹೃದಯ ನಿಂತಿತು.

ಒಂದು ಮಧ್ಯಾಹ್ನ ಅತ್ತಿಗೆ ಮಲಗಿದ್ದಾಗ ಬ್ಯಾಗ್ ತೆಗೆದುಕೊಂಡು ಕೋಣೆಯ ಬಾಗಿಲು ಮುಚ್ಚಿದೆ. ಸದ್ದಾಗುತ್ತದೆಂದು ಏಸಿ ಹಾಕಲಿಲ್ಲ. ಒಳಗೆ ತೂರಿ, ಜಿಪ್ ಎಳೆದು, ಯಜಮಾನರು ಬೇಡವೆಂದಿದ್ದ ಹಾಗೆಯೇ ತಲೆಯನ್ನೂ ಒಳಗೆ ಸೇರಿಸಿಕೊಂಡೆ. ಅವರ ವಾಸನೆ ಇನ್ನೂ ಸ್ವಲ್ಪ ಇತ್ತು. ಅಳುತ್ತಾ ನಿದ್ದೆ ಹೋದೆ.

ಎಚ್ಚರವಾದಾಗ ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದರು. ಏಳಲು ಹೋದೆ, ಜಿಪ್ ಸಿಕ್ಕಿಕೊಂಡಿತ್ತು. ಅವರೇ ಬಗ್ಗಿ, ಮಗುವಿನ ಸ್ವೆಟರ್ ಬಿಚ್ಚುವಂತೆ, ಅದನ್ನು ಬಿಡಿಸಬೇಕಾಯಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಇದು ಹಾಸಿಗೆ ಅಲ್ಲ ಅತ್ತಿಗೆ," ಎಂದೆ. ಅವರು ಇನ್ನೂ ಏನೂ ಕೇಳಿರಲಿಲ್ಲ.

ಅವರು ಒಳಗೆ ಕೈ ಹಾಕಿ ನೋಡಿದರು. "ಪೂರ್ತಿ ನೆಂದು ತೊಪ್ಪೆ ಆಗಿದೆಯಲ್ಲೇ. ಹೀಗೇ ಸುತ್ತಿಟ್ರೆ ಬೂಷ್ಟು ಹಿಡಿಯತ್ತೆ."

ಅಡುಗೆಮನೆಯ ಕಿಟಕಿಯಾಚೆಗೆ ಚಾಚಿದ, ಬಟ್ಟೆ ಒಣಗಿಸುವ ಬಿದಿರಿನ ಗಳಕ್ಕೆ ಅದನ್ನು ಏರಿಸಿದರು. ಕಿತ್ತಳೆ ಬಣ್ಣದ ಚೀಲ ಎದುರಿನ ಬ್ಲಾಕಿಗೆಲ್ಲ ಕಾಣುವಂತೆ ನೇತಾಡಿತು. ಸಾವಿನ ಮನೆಯಲ್ಲಿ ಇದೇನು ಎಂದುಕೊಳ್ಳುತ್ತಾರೋ ಎಂದು ನಾನು ಕಿಟಕಿಯ ಹತ್ತಿರವೂ ಹೋಗಲಿಲ್ಲ.

ಸಂಜೆ ಮೋಡ ಕವಿಯಿತು. ಅತ್ತಿಗೆ ಹಾಲ್‌ನಲ್ಲಿ ದಾನದ ಗಂಟಿಗೆ ಹಗ್ಗ ಬಿಗಿಯುತ್ತಿದ್ದರು.

"ಮಳೆ ಬರೋ ಹಾಗಿದೆ. ಅದನ್ನ ಒಳಗೆ ತಗೋ."

"ಗಂಟಿಗೆ ಸೇರಿಸ್ತೀರಾ?"

"ಗಂಟು ಕಟ್ಟಿ ಆಯ್ತಲ್ಲ," ಎಂದರು, ತಲೆಯೆತ್ತದೆ.

ಕಿಟಕಿಗೆ ಓಡಿ ಗಳ ಎಳೆದುಕೊಂಡೆ. ಕಾಲಿನ ಕಡೆ ಇನ್ನೂ ತೇವವಿತ್ತು. ಅದನ್ನು ಫ್ಯಾನಿನ ಕೆಳಗೆ ಹರಡಿ, ಅತ್ತಿಗೆಗೆ ಮುಖ ಕಾಣದಂತೆ ಬೆನ್ನು ಹಾಕಿ ಕುಳಿತೆ.