ಸೊಪ್ಪಿನಣ್ಣ ಕೂತ ಮೆಟ್ಟಿಲು

ಅವತ್ತೂ ನಮ್ಮ ಯಜಮಾನರು ಕುಡಿದು ಬಂದು ರೇಷ್ಮೆ ಹುಳದ ಮನೆಯ ಹೊರಗೆ ಕೂತಿದ್ದರು. ಬ್ರಾಂದಿ ವಾಸನೆ ಹುಳಕ್ಕೆ ಆಗುವುದಿಲ್ಲವೆಂದು, ಕುಡಿದ ದಿನ ತಾವಾಗಿಯೇ ಒಳಗೆ ಬರುತ್ತಿರಲಿಲ್ಲ. ನಮಗೆ ಅದು ಮಾಮೂಲಾಗಿತ್ತು. ಆ ಮಾಮೂಲು ಮುಗಿಯುವ ದಾರಿ ಅಂದೇ ಶುರುವಾಗುತ್ತದೆಂದು ಗೊತ್ತಿರಲಿಲ್ಲ.

ಹೋಳೂರಿನಿಂದ ಹಿಪ್ಪುನೇರಳೆ ಸೊಪ್ಪು ತಂದುಕೊಡುತ್ತಿದ್ದ ಅಣ್ಣ ಹೊರೆ ಇಳಿಸಿ, ಟವೆಲ್ ಕೊಡವಿ ಹಾಸಿಕೊಂಡು ಅವರ ಪಕ್ಕ ಕೂತರು. ನಿಂತು ಮಾತಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ.

“ಹುಳಕ್ಕೆ ವಾಸ್ನೆ ಬಡೀತದೆ ಅಂತ ಆಚೆ ಕೂತಿದ್ದೀಯಾ ನಾಯ್ನಾ? ಹುಳದ ಮೇಲಿರೋ ಕರುಣೆ ನಿನ್ ಮೇಲೂ ಇರ್ಲಿ ಕಣೋ. ನಾನೂ ಕುಡೀತಿದ್ದೋನೇ. ಭಾನುವಾರ ಕೋಲಾರದಲ್ಲಿ ಕುಡಿತ ಬಿಟ್ಟೋರೆಲ್ಲ ಸೇರ್ತೀವಿ. ಬಂದು ಸುಮ್ನೆ ಕೂತ್ಕೋ.”

ಭಾನುವಾರ ಮೂವರೂ ಹೋದೆವು. ಸಭೆಯ ಬಾಗಿಲಲ್ಲಿ ಯಜಮಾನರು ನಿಂತುಬಿಟ್ಟರು.

“ಅಣ್ಣೋ, ನನ್ ಕೈಲಾಗಲ್ಲ. ಒಳಗೆ ನಮ್ಮೂರೋರು ಇದ್ರೆ?”

“ಇದ್ರೆ ಅವ್ರೂ ಕುಡುಕ್ರೇ ಬಿಡು!”

ಯಜಮಾನರು ನಕ್ಕರು, ಆದರೆ ಒಳಗೆ ಹೋಗಲಿಲ್ಲ. ಅಣ್ಣ ಬಲವಂತ ಮಾಡಲಿಲ್ಲ. ಮೆಟ್ಟಿಲ ಮೇಲೆ ಟವೆಲ್ ಹಾಸಿ, “ಸುಮ್ನೆ ಕೂತ್ಕೋ” ಅಂದರು. ಸಭೆ ಮುಗಿಯುವವರೆಗೂ ತಾವೂ ಅಲ್ಲೇ ಕೂತರು. ಮುಂದಿನ ಭಾನುವಾರ ಯಜಮಾನರು ತಾವೇ ಒಳಗೆ ಹೋದರು. ಆಮೇಲೆ ಕುಡಿತವನ್ನೂ ಬಿಟ್ಟರು.

ಈಗ ಹುಳಕ್ಕೆ ಇಬ್ಬರೂ ಸೇರಿ ಸೊಪ್ಪು ಹಾಕುತ್ತೇವೆ. ಹುಳ ಮೇಯುವಾಗ ಸಣ್ಣಗೆ ಮಳೆ ಬಿದ್ದಂಥ ಸದ್ದು ಬರುತ್ತದೆ. ಅದನ್ನು ಅವರ ಪಕ್ಕದಲ್ಲೇ ನಿಂತು ಕೇಳುವುದು ನನಗೆ ಎಷ್ಟೋ ನೆಮ್ಮದಿ.

ಕಳೆದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡರು. ಸೊಪ್ಪನ್ನು ಬೇರೆಯವರು ತರುತ್ತಾರೆ. ಇಳಿಸಿ ಹೊರಟುಬಿಡುತ್ತಾರೆ, ಕೂರುವುದಿಲ್ಲ.