ಸಿಂಧುವಿನ ಆಟಕ್ಕೆ ಲೀ ಇಟ್ಟ ಹೆಸರು

ಮೆಟ್ರಿ ಹಳ್ಳಿಯ ಸರೋಜಾ, ಮೊಣಕಾಲು ನೋವು ಕಡಿಮೆಯಾಯಿತೇ? ರಾಘು, ನಿನ್ನ ಕೆಮ್ಮು? ಉಳಿದ ಗೆಳೆಯರೂ ಕ್ಷೇಮವೆಂದು ನಂಬಿ, ಇಂದು ಹೊಸಪೇಟೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಮೊಮ್ಮಗಳು ಸಿಂಧು ಕಂಪ್ಯೂಟರಿನಲ್ಲಿ ತಾನೇ ಒಂದು ಆಟ ಕಟ್ಟಿದ್ದಾಳೆ. ನಾಳೆ ಕಾಲೇಜಿನಲ್ಲಿ ಸ್ಪರ್ಧೆ. ಕೊನೆಯ ಹಂತದಲ್ಲಿ ಅದಿರು ಲಾರಿಗಳ ಸಾಲು ದಾಟಿಸಿ ಬಸ್ಸನ್ನು ತೋರಣಗಲ್ಲಿಗೆ ಮುಟ್ಟಿಸಬೇಕು. ಅದಕ್ಕಿನ್ನೂ ಹೆಸರಿರಲಿಲ್ಲ.

“‘ಶ್ರೀ ವೆಂಕಟೇಶ ಪ್ರಸನ್ನ’ ಅಂತ ಇಡು” ಎಂದೆ.

“ಅಜ್ಜಾ, ಲಾರಿ ಮುಂದ ಬರಸ್ತಾರಲ್ಲ, ಹಂಗಾತು! ಚೀನೀ ಹೆಸರಿದ್ರ ಎಲ್ಲಾರೂ ನೋಡ್ತಾರ. ‘ಡ್ರ್ಯಾಗನ್ ಬೆಟ್ಟ’ ಅಂತ ಚೀನೀ ಅಕ್ಷರದಾಗ ಬರಸ್ತೀನಿ.”

ಮಹಡಿಯಲ್ಲಿ ಬಾಡಿಗೆಗಿರುವ ಚೀನಾದ ಇಂಜಿನಿಯರ್ ಲೀ ಅವರನ್ನು ಕರೆದೆವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಓಡಾಡುವವರು. ಆಡಿ ನೋಡಿಯೇ ಹೆಸರು ಬರೆಯುತ್ತೇನೆಂದರು. ಐದು ಸಲ ಆಡಿದರು, ಐದೂ ಸಲ ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡಿತು. ಬೆವರು ಒರೆಸಿಕೊಂಡು ನಾಲ್ಕು ಅಕ್ಷರ ಬರೆದು, ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದರು.

ಸಿಂಧುವಿನ ಮುಖ ಬಾಡಿತು. “ಅಜ್ಜಾ, ‘ಇವತ್ತೂ ತಡ’ ಅಂತ ಬರದಾರ!”

“ಆ ಲಾರಿ ಅದಿರ ಮಣ್ಣೆಲ್ಲಾ ನಿಮ್ಮ ದೇಶಕ್ಕೇ ಹೊಂಟದ, ಏನ್ ಮಾಡೋದ್ರಿ?” ಎಂದು ಲೀ ಅವರಿಗೆ ಹೇಳಿದೆ. ಸಿಂಧು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ ಅದೇ ಕಾರ್ಖಾನೆಯಿಂದ ಬಂದ, ಎರಡು ತಾಸು ತಡವಾಗಿ, ಮೈತುಂಬ ಕೆಂಪು ಧೂಳು. ಹೆಸರಿನ ಅರ್ಥ ಕೇಳಿದ್ದೇ, “ಬದಲಸಬ್ಯಾಡ ಮಗಳ! ನನಗೂ ಒಂದು ಚೀಟಿ ಮ್ಯಾಲೆ ಬರಸಿಕೊಡು, ದಿನಾ ಸಾಹೇಬ್ರಿಗೆ ತೋರಸ್ತೀನಿ” ಎಂದ. ಸಿಂಧು ನಕ್ಕಳು. ಹೆಸರು ಉಳಿಯಿತು.

ಮೆಟ್ರಿಯ ಗದ್ದೆ ದಾರಿಯಲ್ಲಿ ಅದಿರು ಲಾರಿಗಳಿಲ್ಲ. ಆದ್ದರಿಂದ ಸರೋಜಾ, ರಾಘು, ನಿಮಗೆ ತಡಕ್ಕೆ ನೆಪವೂ ಇಲ್ಲ. ಬೇಗ ಉತ್ತರ ಬರೆಯಿರಿ.